ಆ್ಯಪ್ ಹತ್ತಾರಿದೆ, ಎನ್‌ಕ್ವೈರಿ ಮಾತ್ರ ಕೈತಪ್ತಿದೆ: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಅಂಕಣಕ್ಕೆ ಕೊಡಗಿಂದಾನೇ ಜಾಸ್ತಿ ಪ್ರಶ್ನೆ ಬಂದಿದೆ. ಮನೇಲೇ ಕೂತು ಹೋಂಸ್ಟೇಗೆ, ಕಾಫಿಪುಡಿಗೆ, ಮಸಾಲೆ ಅಂಗಡಿಗೆ ಆನ್‌ಲೈನ್ ಮಾರ್ಕೆಟಿಂಗ್ ಮಾಡ್ಕೊಡೋರು ಈಗ ಊರೂರಲ್ಲೂ ಇದಾರೆ, ಬೆಂಗಳೂರು ಬಿಟ್ಟು ವಾಪಸ್ ಬಂದೋರೂ ಇದಾರೆ, ತೋಟದ ಕೆಲಸದ ಮಧ್ಯೆ ಇದನ್ನೂ ಮಾಡೋರಿದಾರೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದೀನಿ, ಒಂದೇ ತರದ ಪ್ರಶ್ನೆಗಳನ್ನ ಒಂದಾಗಿ ಸೇರಿಸಿದೀನಿ.

ಪ್ರಶ್ನೆ: ನಾನು, ನನ್ನ ತಂಗಿ ಇಬ್ರೇ ಸೇರಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಶುರು ಮಾಡಿದೀವಿ. ಐದು ಹೋಂಸ್ಟೇ, ಎರಡು ಕಾಫಿಪುಡಿ ಬ್ರ್ಯಾಂಡು, ಒಂದು ಜೇನು ಏಲಕ್ಕಿ ಅಂಗಡಿ ನಮ್ಮ ಕ್ಲೈಂಟ್ಸ್. ಕೆಲಸದ ಪಟ್ಟಿಗೆ ಟ್ರೆಲ್ಲೋ, ನೋಷನ್, ಚಾಟಿಗೆ ಸ್ಲ್ಯಾಕ್, ಡಿಸೈನಿಗೆ ಕ್ಯಾನ್ವಾ, ಪೋಸ್ಟ್ ಶೆಡ್ಯೂಲಿಗೆ ಬಫರ್ ಎಲ್ಲಾ ಇದೆ, ಕೆಲವಕ್ಕೆ ತಿಂಗಳು ತಿಂಗಳು ದುಡ್ಡೂ ಕಟ್ತೀವಿ. ಆದ್ರೂ ಯಾರೋ ರೂಮ್ ಕೇಳಿ ಮೆಸೇಜ್ ಹಾಕಿರ್ತಾರೆ, ಅದು ಎರಡು ದಿನ ಆದ್ಮೇಲೆ ನಮ್ಮ ಕಣ್ಣಿಗೆ ಬೀಳುತ್ತೆ. ಯಾವ ಟೂಲ್ ಇಟ್ಕೊಳ್ಳೋದು, ಯಾವುದು ಬಿಡೋದು? (ಗೋಣಿಕೊಪ್ಪಲು)

ಉತ್ತರ: ನಿಮ್ಮ ಪತ್ರದಲ್ಲಿ ಟೂಲ್‌ಗಳ ಹೆಸರೆಲ್ಲಾ ಇದೆ, ಆದ್ರೆ ರೂಮ್ ಕೇಳಿ ಬಂದ ಮೆಸೇಜು ಎಲ್ಲಿ ಬರೆದಿಡ್ತೀರ ಅನ್ನೋದು ಎಲ್ಲೂ ಇಲ್ಲ. ತೊಂದರೆ ಇರೋದು ಅಲ್ಲೇ ಅಂತ ನನಗನ್ಸುತ್ತೆ. ಎನ್‌ಕ್ವೈರಿ ಇನ್‌ಸ್ಟಾಗ್ರಾಂ ಡಿಎಂಗೆ ಒಂದು ಬರುತ್ತೆ, ಫೇಸ್‌ಬುಕ್ ಮೆಸೆಂಜರ್‌ಗೆ ಒಂದು, ವಾಟ್ಸಾಪ್‌ಗೆ ನಾಲ್ಕು, ಇನ್ನೊಬ್ರು ಹೋಂಸ್ಟೇ ಓನರ್‌ಗೇ ನೇರ ಫೋನ್ ಮಾಡಿರ್ತಾರೆ, ಅವರು ತೋಟದಲ್ಲಿದ್ದು ಆಮೇಲೆ ಹೇಳ್ತೀನಿ ಅಂದು ಮರೆತಿರ್ತಾರೆ. ಇಷ್ಟನ್ನೂ ಒಂದು ಜಾಗಕ್ಕೆ ತರೋ ತನಕ ಇನ್ನೂ ಹತ್ತು ಆ್ಯಪ್ ಹಾಕಿದ್ರೂ ಹುಡುಕೋ ಜಾಗ ಜಾಸ್ತಿ ಆಗುತ್ತೆ ಅಷ್ಟೇ.

ಒಂದು ಗೂಗಲ್ ಶೀಟ್ ಓಪನ್ ಮಾಡಿ, ಇಬ್ರ ಫೋನಲ್ಲೂ ಇರ್ಲಿ. ತಾರೀಖು, ಹೆಸರು ಮತ್ತು ನಂಬರ್, ಯಾವ ಕ್ಲೈಂಟಿಗೆ, ಎಲ್ಲಿಂದ ಬಂತು, ಏನು ಕೇಳಿದ್ರು, ನಿಮ್ಮಿಬ್ರಲ್ಲಿ ಯಾರು ನೋಡ್ಕೋತೀರ, ಮತ್ತೆ ಯಾವಾಗ ಕೇಳ್ಬೇಕು, ಕೊನೆಗೆ ಏನಾಯ್ತು. ಇಷ್ಟು ಕಾಲಂ ಸಾಕು. ಉದಾಹರಣೆಗೆ ನವೆಂಬರ್ 14, ಬೆಂಗಳೂರಿನ ಫ್ಯಾಮಿಲಿ, ನಾಲ್ಕು ಜನ ದೊಡ್ಡೋರು ಎರಡು ಮಕ್ಕಳು, ಕ್ರಿಸ್ಮಸ್ ವಾರ ಬೇಕಂತೆ, ಇನ್‌ಸ್ಟಾದಲ್ಲಿ ರೀಲ್ ನೋಡಿ ಬಂದಿದ್ದು, ತಂಗಿ ನೋಡ್ಕೋತಾಳೆ, 16ನೇ ತಾರೀಖು ಮತ್ತೆ ಕೇಳ್ಬೇಕು, ಅಂತ ಒಂದು ಸಾಲು. "ಎಲ್ಲಿಂದ ಬಂತು" ಮತ್ತು "ಏನಾಯ್ತು" ಈ ಎರಡು ಕಾಲಂಗೆ ಡ್ರಾಪ್‌ಡೌನ್ ಹಾಕ್ಬಿಡಿ, ಇಲ್ಲಾಂದ್ರೆ ಒಬ್ರು ಇನ್‌ಸ್ಟಾ ಅಂತ ಬರೀತೀರ, ಇನ್ನೊಬ್ರು ಇನ್‌ಸ್ಟಾಗ್ರಾಂ ಅಂತ ಬರೀತೀರ, ತಿಂಗಳ ಕೊನೇಲಿ ಲೆಕ್ಕ ಕೂಡಲ್ಲ. "ಮತ್ತೆ ಯಾವಾಗ" ಅನ್ನೋ ಕಾಲಂಗೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿ, ಆ ತಾರೀಖು ಇವತ್ತಾದ್ರೆ ಅಥವಾ ದಾಟಿದ್ರೆ ಸಾಲು ಕೆಂಪಾಗ್ಲಿ. ಬೆಳಿಗ್ಗೆ ಕಾಫಿ ಕುಡೀತಾ ಕೆಂಪು ಸಾಲು ಅಷ್ಟೂ ಕ್ಲಿಯರ್ ಮಾಡಿ ಆಮೇಲೆ ಬೇರೆ ಕೆಲಸಕ್ಕೆ ಕೈ ಹಾಕಿ. ಇದು ದೊಡ್ಡ ಕಂಪನಿಗಳಲ್ಲಿ ಸಿಆರ್‌ಎಂ ಅಂತ ಸಾವಿರಾರು ರೂಪಾಯಿ ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್ ಮಾಡೋ ಕೆಲಸಾನೇ, ಎಂಟು ಕ್ಲೈಂಟ್ ಇರೋವಾಗ ಶೀಟು ಧಾರಾಳ ಸಾಕಾಗುತ್ತೆ.

ಆಮೇಲೆ ಇನ್‌ಬಾಕ್ಸ್. ಮೆಟಾ ಬಿಸಿನೆಸ್ ಸೂಟ್ ಅಂತ ಫ್ರೀ ಆ್ಯಪ್ ಇದೆ, ಫೇಸ್‌ಬುಕ್ ಪೇಜಿನ ಮೆಸೇಜು, ಇನ್‌ಸ್ಟಾಗ್ರಾಂ ಡಿಎಂ, ಕಾಮೆಂಟು ಎಲ್ಲಾ ಒಂದೇ ಕಡೆ ಕಾಣುತ್ತೆ, ಪೋಸ್ಟ್ ಶೆಡ್ಯೂಲ್ ಕೂಡ ಅಲ್ಲೇ ಆಗುತ್ತೆ, ಹಾಗಾಗಿ ಬರೀ ಇವೆರಡಕ್ಕೇ ಪೋಸ್ಟ್ ಹಾಕೋದಾದ್ರೆ ಬಫರ್‌ಗೆ ದುಡ್ಡು ಕಟ್ಟೋ ಅಗತ್ಯ ಇಲ್ಲ. ಇಬ್ರೇ ಒಂದೇ ಮನೇಲಿ ಕೂತು ಕೆಲಸ ಮಾಡೋರಿಗೆ ಸ್ಲ್ಯಾಕ್ ಬೇಡ. ಟ್ರೆಲ್ಲೋ ನೋಷನ್ ಎರಡರಲ್ಲಿ ಒಂದನ್ನ ಇಟ್ಕೊಳ್ಳಿ, ಅದೂ ಯಾವ ಪೋಸ್ಟ್ ಬರೀಬೇಕು ಯಾವ ಡಿಸೈನ್ ಬಾಕಿ ಇದೆ ಅನ್ನೋದಕ್ಕೆ ಮಾತ್ರ. ಎನ್‌ಕ್ವೈರೀನ ಅದರೊಳಗೆ ಸೇರಿಸ್ಬೇಡಿ.

ಇನ್ನು ವಾಟ್ಸಾಪ್. ಮಾಮೂಲಿ ವಾಟ್ಸಾಪಲ್ಲೇ ಬಿಸಿನೆಸ್ ನಡೆಸ್ತಾ ಇದ್ರೆ ಇವತ್ತೇ ವಾಟ್ಸಾಪ್ ಬಿಸಿನೆಸ್ ಆ್ಯಪಿಗೆ ಬನ್ನಿ, 2018ರಿಂದ ಇದೆ, ಫ್ರೀ. ಇದರಲ್ಲಿ ಲೇಬಲ್ ಅಂತ ಇದೆ, ಹೊಸ ಗಿರಾಕಿ, ಅಡ್ವಾನ್ಸ್ ಬಾಕಿ, ಕನ್ಫರ್ಮ್ ಆಗಿದೆ ಅಂತ ಚಾಟ್ ಮೇಲೆ ಬಣ್ಣದ ಗುರುತು ಹಾಕ್ಬಹುದು. ಅದಕ್ಕಿಂತ ಉಪಯೋಗ ಆಗೋದು ಕ್ವಿಕ್ ರಿಪ್ಲೈ, 50ರ ತನಕ ಬರೆದಿಡ್ಬಹುದು, ಸ್ಲ್ಯಾಶ್ ಗುರುತು ಒತ್ತಿ ಒಂದು ಪದ ಟೈಪ್ ಮಾಡಿದ್ರೆ ಪೂರ್ತಿ ಉತ್ತರ ಬಂದ್ಬಿಡುತ್ತೆ. ಕೊಡಗಿನ ಹೋಂಸ್ಟೇಗೆ ಬರೋ ಪ್ರಶ್ನೆಗಳು ಎಷ್ಟಿವೆ ಹೇಳಿ, ತಿರುಗಿ ತಿರುಗಿ ಅವೇ. ರೈಲ್ವೆ ಸ್ಟೇಷನ್ ಯಾವುದು ಹತ್ರ ಅಂತ ವಾರಕ್ಕೊಬ್ರಾದ್ರೂ ಕೇಳೇ ಕೇಳ್ತಾರೆ, ಕೊಡಗಲ್ಲಿ ರೈಲೇ ಇಲ್ಲ ಅಂತ ಹೊರಗಿನೋರಿಗೆ ಗೊತ್ತಿರಲ್ಲ. ಅದಕ್ಕೆ ಒಂದು ಉತ್ತರ ಹೀಗೆ ಬರೆದಿಡಿ: "ಕೊಡಗಿಗೆ ರೈಲು ಬರೋದಿಲ್ಲ. ಮೈಸೂರು ತನಕ ರೈಲಲ್ಲಿ ಬನ್ನಿ, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಬಸ್ಸು ಟ್ಯಾಕ್ಸಿ ಎರಡೂ ಸಿಗುತ್ತೆ. ವಿಮಾನ ಆದ್ರೆ ಕಣ್ಣೂರು, ಮಂಗಳೂರು ಅಥವಾ ಮೈಸೂರು. ತಿತಿಮತಿ ಕಡೆಯಿಂದ ಬರೋದಾದ್ರೆ ಆನೆ ಓಡಾಟ ಇರುತ್ತೆ, ಕತ್ತಲಾಗೋ ಮೊದಲು ತಲುಪೋ ಹಾಗೆ ಹೊರಡಿ. ನಮ್ಮ ಗೇಟಿಂದ ಒಳಗೆ ಮಣ್ಣು ರಸ್ತೆ, ಸಣ್ಣ ಕಾರು ಬರುತ್ತೆ." ಇದೇ ತರ ರೇಟು ಯಾವುದಕ್ಕೆ ಎಷ್ಟು, ಊಟ ಸೇರಿದೆಯಾ, ಪಂದಿ ಕರಿ ಕಡಂಬುಟ್ಟು ಮಾಡ್ಕೊಡ್ತೀರಾ, ಸಸ್ಯಾಹಾರಿಗಳಿಗೆ ಏನಿದೆ, ಯಾವ ಸಿಮ್ಮಿಗೆ ನೆಟ್‌ವರ್ಕ್ ಸಿಗುತ್ತೆ, ಪ್ರವಾಸೋದ್ಯಮ ಇಲಾಖೆ ರಿಜಿಸ್ಟ್ರೇಷನ್ ನಂಬರ್ ಏನು, ಎಲ್ಲದಕ್ಕೂ ಒಂದೊಂದು. ನೆಟ್‌ವರ್ಕ್ ಸಿಗಲ್ಲ ಅಂದ್ರೆ ಸಿಗಲ್ಲ ಅಂತಾನೇ ಬರೀರಿ. ಲ್ಯಾಪ್‌ಟಾಪ್ ಹಿಡ್ಕೊಂಡು ವರ್ಕ್ ಫ್ರಂ ಹೋಂಗೆ ಅಂತ ಬಂದೋರು ಒಂದು ದಿನಕ್ಕೇ ಸಿಟ್ಟಾಗಿ ವಾಪಸ್ ಹೋಗಿ ಒಂದು ಸ್ಟಾರ್ ಹಾಕೋದಕ್ಕಿಂತ ಮೊದಲೇ ಹೇಳಿ ಕಳಕೊಂಡ ಗಿರಾಕಿ ವಾಸಿ.

ಕ್ವಿಕ್ ರಿಪ್ಲೈ ಕಳಿಸಿದ್ಮೇಲೆ ಕೊನೇಲಿ ಒಂದು ಸಾಲು ಅವರ ಹೆಸರು ಹಾಕಿ ನೀವೇ ಟೈಪ್ ಮಾಡಿ, ಇಲ್ಲಾಂದ್ರೆ ಮಷೀನ್ ಮಾತಾಡಿದ ಹಾಗಿರುತ್ತೆ, ಗಿರಾಕಿಗೆ ಗೊತ್ತಾಗ್ಬಿಡುತ್ತೆ. ದುಡ್ಡು ಕಟ್ಟೋ ಟೂಲ್ ಯಾವುದನ್ನ ಬಿಡೋದು ಅಂದ್ರೆ, ಒಂದೊಂದಾಗಿ ಒಂದೊಂದು ತಿಂಗಳು ನಿಲ್ಲಿಸಿ ನೋಡಿ, ಯಾವುದಿಲ್ಲದೆ ಕೆಲಸ ನಿಂತೋಯ್ತೋ ಅದನ್ನ ಮಾತ್ರ ವಾಪಸ್ ತಗೊಳ್ಳಿ. ವರ್ಷದ ಪ್ಲ್ಯಾನ್ ಅರ್ಧ ರೇಟು ಅಂತ ತೋರಿಸಿದ್ರೂ ಮೊದಲ ಸಲಾನೇ ವರ್ಷಕ್ಕೆ ಕಟ್ಬೇಡಿ.

ಪ್ರಶ್ನೆ: ಜೂನ್ ಬಂತು ಅಂದ್ರೆ ನಮಗೆ ಕರೆಂಟ್ ಇರಲ್ಲ, ಮರ ಬಿದ್ದು ಲೈನ್ ಕಟ್ಟಾದ್ರೆ ಮೂರು ದಿನ ನಾಲ್ಕು ದಿನ ಆಗುತ್ತೆ, ಟವರೂ ಸತ್ತೋಗುತ್ತೆ. ಬೆಂಗಳೂರಿನ ಕ್ಲೈಂಟಿಗೆ ಇದನ್ನ ಹೇಳಿದ್ರೆ ನೆಪ ಅನ್ಕೋತಾರೆ. ಮಳೆಗಾಲದಲ್ಲಿ ಈ ಕೆಲಸ ಮಾಡೋಕೆ ಆಗುತ್ತಾ, ಇಲ್ಲ ಮೈಸೂರಿಗೆ ಹೋಗಿ ರೂಮ್ ಮಾಡ್ಬೇಕಾ? (ನಾಪೋಕ್ಲು ಕಡೆಯಿಂದ)

ಉತ್ತರ: ರೂಮ್ ಮಾಡೋ ಮೊದಲು ಇಷ್ಟು ಮಾಡಿ ನೋಡಿ. ಮೇ ತಿಂಗಳಲ್ಲೇ ಜೂನ್ ಜುಲೈನ ಪೋಸ್ಟ್ ಬರೆದು, ಡಿಸೈನ್ ಮಾಡಿ ಇಟ್ಕೊಳ್ಳಿ, ನೆಟ್ ಇರೋ ದಿನ ಕೂತು ಮುಂದಿನ ಎರಡು ವಾರದ್ದು ಶೆಡ್ಯೂಲ್‌ಗೆ ಹಾಕಿ. ಒಂದು ಸಲ ಶೆಡ್ಯೂಲ್ ಆದ ಪೋಸ್ಟು ಅವರ ಸರ್ವರಿಂದ ಹೋಗುತ್ತೆ, ನಿಮ್ಮ ಮನೇಲಿ ಕರೆಂಟ್ ಇರ್ಲಿ ಬಿಡ್ಲಿ. ಜಿಮೇಲಲ್ಲೂ ಶೆಡ್ಯೂಲ್ ಸೆಂಡ್ ಇದೆ, ಯೂಟ್ಯೂಬಲ್ಲೂ ಇದೆ. ಗೂಗಲ್ ಶೀಟು, ಡಾಕ್ಸು ಆಫ್‌ಲೈನಲ್ಲೂ ಕೆಲಸ ಮಾಡ್ತವೆ, ಆದ್ರೆ ಆಫ್‌ಲೈನ್ ಸೆಟ್ಟಿಂಗು ನೆಟ್ ಇರೋವಾಗ್ಲೇ ಆನ್ ಮಾಡಿಟ್ಟಿರ್ಬೇಕು, ಟವರ್ ಹೋದ್ಮೇಲೆ ನೆನಪಾದ್ರೆ ಪ್ರಯೋಜನ ಇಲ್ಲ.

ವಾಟ್ಸಾಪ್ ಬಿಸಿನೆಸ್‌ನ ಅವೇ (Away) ಮೆಸೇಜ್, ಅಂದ್ರೆ ನಾವೀಗ ಇಲ್ಲ ಅಂತ ತಾನಾಗೇ ಹೋಗೋ ಉತ್ತರ, ಅದನ್ನ ನಂಬ್ಕೊಂಡು ಕೂರ್ಬೇಡಿ. ಫೋನಿಗೆ ಇಂಟರ್ನೆಟ್ ಇದ್ರೆ ಮಾತ್ರ ಅದು ಹೋಗುತ್ತೆ, ಅಂದ್ರೆ ನಿಮಗೆ ಬೇಕಾದ ದಿನಾನೇ ಅದು ಹೋಗಲ್ಲ. ಅದರ ಬದಲು ಲಿಂಕ್ಡ್ ಡಿವೈಸ್ ಉಪಯೋಗಿಸಿ. ಒಂದು ಅಕೌಂಟಿಗೆ ಫೋನ್ ಅಲ್ಲದೆ ಇನ್ನೂ ನಾಲ್ಕು ಡಿವೈಸ್ ಸೇರಿಸ್ಬಹುದು, ಮುಖ್ಯ ಫೋನಿಗೆ ನೆಟ್ ಇಲ್ಲದಿದ್ರೂ ಅವು 14 ದಿನದ ತನಕ ನಡೀತವೆ. ಕುಶಾಲನಗರದಲ್ಲೋ ಮೈಸೂರಲ್ಲೋ ನಿಮ್ಮ ನಂಬಿಕೆಯ ಒಬ್ರ ಲ್ಯಾಪ್‌ಟಾಪಲ್ಲಿ ಲಿಂಕ್ ಮಾಡಿಟ್ಟು, ಮಳೆಗಾಲಕ್ಕೆ ಅಂತ ಒಂದಿಷ್ಟು ದುಡ್ಡು ಕೊಟ್ಟು ಉತ್ತರ ಕೊಡೋಕೆ ಹೇಳಿದ್ರೆ ನಿಮ್ಮ ರೂಮ್ ಬಾಡಿಗೆ ಉಳಿಯುತ್ತೆ. ರೌಟರ್‌ಗೆ ಅಂತಾನೇ ಸಣ್ಣ ಯುಪಿಎಸ್ ಬರುತ್ತೆ, ಫೈಬರ್ ಲೈನ್ ಕಟ್ಟಾಗದೆ ಬರೀ ಕರೆಂಟ್ ಹೋಗಿದ್ರೆ ಅದರಲ್ಲಿ ಕೆಲವು ಗಂಟೆ ನೆಟ್ ಸಿಗುತ್ತೆ. ಎರಡು ಬೇರೆ ಬೇರೆ ಕಂಪನಿ ಸಿಮ್ ಅಂತೂ ಇರ್ಲೇಬೇಕು. ಕ್ಲೈಂಟಿಗೆ ಮೇ ತಿಂಗಳಲ್ಲೇ ಒಂದು ಮೇಲ್ ಹಾಕಿ, ಇಂಥ ದಿನಗಳಲ್ಲಿ ನಮ್ಮಲ್ಲಿ ಹೀಗಾಗುತ್ತೆ, ಅದಕ್ಕೆ ಇಂಥ ವ್ಯವಸ್ಥೆ ಮಾಡಿದೀವಿ, ತುರ್ತಿಗೆ ಈ ನಂಬರ್ ಅಂತ. ಮೊದಲೇ ಹೇಳಿದ್ರೆ ಯಾರೂ ನೆಪ ಅನ್ನಲ್ಲ.

ಶೆಡ್ಯೂಲ್ ಮಾಡೋದ್ರಲ್ಲಿ ಒಂದು ಅಪಾಯ ಇದೆ, ಇದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಊರಿಗೂರೇ ನರಳ್ತಿದ್ದಾಗ ಪ್ರವಾಸಿಗರು ಬರಬೇಡಿ ಅಂತ ಜಿಲ್ಲಾಡಳಿತಾನೇ ಹೇಳಿತ್ತು. ಅಂಥ ದಿನ ನಿಮ್ಮ ಪೇಜಿಂದ "ಮಳೆಯ ಮಜಾ ತಗೊಳ್ಳೋಕೆ ಬನ್ನಿ" ಅಂತ ಶೆಡ್ಯೂಲ್ ಆದ ಪೋಸ್ಟ್ ತಾನಾಗೇ ಹೋಗ್ಬಿಟ್ರೆ, ಮನೆ ಕಳಕೊಂಡೋರು ಅದನ್ನ ನೋಡಿದ್ರೆ ಹೇಗಿರುತ್ತೆ ಯೋಚನೆ ಮಾಡಿ. ಅದಕ್ಕೇ ಮಳೆಗಾಲದಲ್ಲಿ ಎರಡು ವಾರಕ್ಕಿಂತ ದೂರದ್ದು ಶೆಡ್ಯೂಲ್ ಹಾಕ್ಬೇಡಿ, ಮತ್ತೆ ನೆಟ್ ಇರೋ ಊರಲ್ಲಿರೋ ಇನ್ನೊಬ್ರಿಗೆ ಎಲ್ಲಾ ಪೋಸ್ಟ್ ನಿಲ್ಲಿಸೋ ಅಧಿಕಾರ ಕೊಟ್ಟಿರಿ. ರೆಡ್ ಅಲರ್ಟ್ ಬಂದ ತಕ್ಷಣ ಅವರು ನಿಲ್ಲಿಸ್ಲಿ, ನಿಮ್ಮನ್ನ ಕೇಳೋಕೆ ಕಾಯೋದು ಬೇಡ. ಹೋಂಸ್ಟೇ ಮುಚ್ಚಿದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲಲ್ಲಿ, ಅಂದ್ರೆ ಗೂಗಲ್ ಮ್ಯಾಪಲ್ಲಿ ಕಾಣೋ ನಿಮ್ಮ ವಿವರದಲ್ಲಿ, ತಾತ್ಕಾಲಿಕವಾಗಿ ಮುಚ್ಚಿದೆ ಅಂತ ಗುರುತು ಹಾಕೋ ಅವಕಾಶ ಇದೆ, ಹಾಕಿ.

ಮಳೆಗಾಲದಲ್ಲಿ ಏನು ಪೋಸ್ಟ್ ಹಾಕೋದು ಅಂತಾನೂ ಕೇಳಿದೀರ. ನಮ್ಮ ವರ್ಷದ ಲೆಕ್ಕಾನೇ ನಿಮ್ಮ ಕಂಟೆಂಟ್ ಕ್ಯಾಲೆಂಡರ್, ಹೊರಗಿಂದ ಯಾವ ಟೆಂಪ್ಲೇಟೂ ಬೇಡ. ಆಗಸ್ಟ್ 3ರ ಹೊತ್ತಿಗೆ ಕಕ್ಕಡ ಹದಿನೆಂಟು, ಅಂದ್ರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ, ಆ ಬಣ್ಣ ನೋಡೇ ಜನ ಇದೇನು ಅಂತ ಕೇಳ್ತಾರೆ. ಸೆಪ್ಟೆಂಬರ್ ಶುರುವಲ್ಲಿ ಆಯುಧ ಪೂಜೆಯ ಕೈಲ್ ಮುಹೂರ್ತ, ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ತುಲಾ ಸಂಕ್ರಮಣ, ಆಸುಪಾಸಲ್ಲೇ ಮಡಿಕೇರಿ ದಸರಾದ ದಶಮಂಟಪ, ನವೆಂಬರ್ ಡಿಸೆಂಬರಲ್ಲಿ ಸುಗ್ಗಿ ಹಬ್ಬ ಹುತ್ತರಿ, ಆಗಲೇ ಅರೇಬಿಕಾ ಕೊಯ್ಲು, ಹೊಸ ವರ್ಷ ಆದ್ಮೇಲೆ ರೋಬಸ್ಟಾ, ಕಣದ ತುಂಬಾ ಒಣಗೋ ಕಾಫಿ. ಆಮೇಲೆ ಫೆಬ್ರವರಿ ಮಾರ್ಚಲ್ಲಿ ಹೂ ಮಳೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ ಆಗುತ್ತೆ, ಮೂರು ನಾಲ್ಕು ದಿನಕ್ಕೆ ಬಾಡುತ್ತೆ, ಆ ಮೂರು ದಿನ ಬೇರೆಲ್ಲಾ ಕೆಲಸ ಬಿಟ್ಟು ಫೋಟೋ ವಿಡಿಯೋ ತೆಗೆದಿಟ್ಕೊಂಡ್ರೆ ವರ್ಷ ಪೂರ್ತಿ ಬರುತ್ತೆ. ಫೋಟೋಗಳನ್ನ ವಾಟ್ಸಾಪಲ್ಲಿ ಕಳಿಸೋವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದ್ರೆ ಕ್ವಾಲಿಟಿ ಇಳಿಯುತ್ತೆ. ಗೂಗಲಲ್ಲಿ ಫ್ರೀ ಜಾಗ 15 ಜಿಬಿ, ಅದರಲ್ಲಿ ಜಿಮೇಲೂ ಸೇರಿರುತ್ತೆ, ಹಾಗಾಗಿ ವಿಡಿಯೋ ಎಲ್ಲಾ ಒಂದು ಹಾರ್ಡ್ ಡಿಸ್ಕಲ್ಲೂ ಇರ್ಲಿ.

ಪ್ರಶ್ನೆ: ನಮ್ಮ ಕಾಫಿಪುಡಿಯ ಹಳೇ ಪಾಂಪ್ಲೆಟ್ ಎಲ್ಲಾ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು. ಅದನ್ನ ಕಾಪಿ ಮಾಡಿ ಫೇಸ್‌ಬುಕ್ಕಿಗೆ ಹಾಕಿದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ. ಡಿಸೈನ್ ಮಾಡೋ ಹುಡುಗನ ಕಂಪ್ಯೂಟರಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದು ನಿಲ್ಲುತ್ತೆ. ಇಂಗ್ಲಿಷಲ್ಲೇ ಹಾಕ್ಬಿಡ್ಲಾ? (ಸೋಮವಾರಪೇಟೆ)

ಉತ್ತರ: ಬೇಡ, ಕನ್ನಡ ಬಿಡ್ಬೇಡಿ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಎಲ್ಲಾ ಕಡೆ ಕನ್ನಡವಾಗೇ ಕಾಣೋ ಯೂನಿಕೋಡ್ ಅಲ್ಲ, ಅದು ಒಳಗೆ ಇಂಗ್ಲಿಷ್ ಅಕ್ಷರಾನೇ, ಮೇಲೆ ಕನ್ನಡದ ಆಕಾರ ಕೂರಿಸಿರ್ತಾರೆ, ಆ ಫಾಂಟ್ ಇಲ್ಲದ ಕಡೆ ಅಸಲಿ ರೂಪ ಹೊರಗೆ ಬರುತ್ತೆ. ಈ ಹಳೇ ರೀತಿಗೆ ಆಸ್ಕಿ ಅಂತಾರೆ, ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಆನ್‌ಲೈನಲ್ಲಿ ಫ್ರೀಯಾಗಿ ಸಿಗುತ್ತೆ, ಹಾಕಿ ಬದಲಾಯಿಸಿ, ಆದ್ರೆ ಅರ್ಕಾವತ್ತು ಮತ್ತು ಅಂಕಿಗಳನ್ನ ಒಂದ್ಸಲ ಕಣ್ಣಿಟ್ಟು ನೋಡಿ, ತಪ್ಪಾಗೋದು ಹೆಚ್ಚಾಗಿ ಅಲ್ಲೇ. ಇನ್ಮೇಲೆ ಟೈಪ್ ಮಾಡೋದೆಲ್ಲಾ ಯೂನಿಕೋಡಲ್ಲೇ ಇರ್ಲಿ, ಫೋನಲ್ಲಿ ಗೂಗಲಿನ ಜಿಬೋರ್ಡ್ ಕೀಬೋರ್ಡಿಗೆ ಕನ್ನಡ ಹಾಕ್ಕೊಂಡ್ರೆ ಮಾತಾಡಿದ್ದೂ ಟೈಪ್ ಆಗುತ್ತೆ. ಒತ್ತಕ್ಷರ ಪಕ್ಕಕ್ಕೆ ಬರೋದು ಫೋಟೋಶಾಪಿನ ಸೆಟ್ಟಿಂಗ್ ಸಮಸ್ಯೆ, ಹಳೇ ಫೋಟೋಶಾಪಾದ್ರೆ ಟೆಕ್ಸ್ಟ್ ಎಂಜಿನ್ ಅನ್ನೋ ಕಡೆ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಗೆ ಬದಲಾಯಿಸಿದ್ರೆ ಸರಿಹೋಗುತ್ತೆ. ಇಲ್ಲಾಂದ್ರೆ ಕ್ಯಾನ್ವಾದಲ್ಲಿ ಮಾಡ್ಲಿ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ತರದ ಫಾಂಟು ಗೂಗಲ್ ಫಾಂಟ್ಸಲ್ಲಿ ಫ್ರೀ ಇದಾವೆ, ನೋಡೋಕೂ ಚೆನ್ನಾಗಿರ್ತವೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದ್ರೆ ಪಾಂಪ್ಲೆಟ್ ನೋಡಿ ಹೇಳ್ತಿದೀನಿ. ಚಿಕೋರಿ ಸೇರಿಸಿದ ಪುಡಿ ಆದ್ರೆ ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಪ್ಯಾಕೆಟ್ ಮೇಲೆ ಬರೀಲೇಬೇಕು, ಕಾಫಿ ಅಂಶ 51 ಪರ್ಸೆಂಟಿಗಿಂತ ಕಮ್ಮಿ ಇರೋ ಹಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರೂ ಬೇಕು. ಅದೇ ವಿವರ ಆನ್‌ಲೈನ್ ಕ್ಯಾಟಲಾಗಲ್ಲೂ ಹಾಕಿ, ಪ್ಯಾಕೆಟ್ ಕೈಗೆ ತಗೊಂಡು ನೋಡೋಕಾಗದ ಗಿರಾಕಿ ನಂಬೋದು ಇದನ್ನೇ. ಕೊಡಗಿನ ಅರೇಬಿಕಾಗೆ 2019ರಲ್ಲಿ ಜಿಐ, ಅಂದ್ರೆ ಇದು ಈ ಊರಿನದ್ದೇ ಅನ್ನೋ ಭೌಗೋಳಿಕ ಗುರುತು ಸಿಕ್ಕಿದೆ, ಬೇರೆ ಕಡೆಯ ಬೀಜ ತಂದು ಹುರಿದು ಕೂರ್ಗ್ ಅರೇಬಿಕಾ ಅಂತ ಬರೆಯೋದು ನಮ್ಮದೇ ಬೆಳೆಗಾರರ ಹೊಟ್ಟೆ ಮೇಲೆ ಹೊಡೆದ ಹಾಗೆ. ನೀವು ಹಾಗೆ ಮಾಡ್ತೀರ ಅಂತ ಅಲ್ಲ, ಕ್ಲೈಂಟ್ ಹಾಗೆ ಬರೆಯೋಕೆ ಹೇಳಿದ್ರೆ ಆಗಲ್ಲ ಅನ್ನಿ.

ಪ್ರಶ್ನೆ: ಐವತ್ತು ಸಾವಿರ ವಾಟ್ಸಾಪ್ ನಂಬರ್ ಮತ್ತು ಒಂದೇ ಸಲ ಎಲ್ರಿಗೂ ಮೆಸೇಜ್ ಕಳಿಸೋ ಸಾಫ್ಟ್‌ವೇರ್ ಕಮ್ಮಿ ರೇಟಿಗೆ ಕೊಡ್ತೀನಿ ಅಂತ ಒಬ್ರು ಬಂದಿದಾರೆ. ತಗೊಳ್ಬಹುದಾ? (ಕುಶಾಲನಗರ)

ಉತ್ತರ: ತಗೊಳ್ಬೇಡಿ. ಆ ನಂಬರಿನವರು ಯಾರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ, ನಾಲ್ಕು ಜನ ಸ್ಪ್ಯಾಮ್ ಅಂತ ಒತ್ತಿದ್ರೆ ನಿಮ್ಮ ವಾಟ್ಸಾಪ್ ನಂಬರೇ ಬ್ಯಾನ್ ಆಗ್ಬಹುದು, ಆ ನಂಬರ್ ಬೋರ್ಡ್ ಮೇಲೆ, ಬಿಲ್ ಮೇಲೆ ಎಲ್ಲಾ ಕಡೆ ಇರುತ್ತಲ್ಲ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ 256 ಜನ ಹಿಡಿಸ್ತಾರೆ, ಅದೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಮೆಸೇಜ್ ತಲುಪುತ್ತೆ. ಕಮ್ಮಿ ಅನ್ಸಿದ್ರೂ ಅವರು ನಿಮ್ಮ ಜನ. ಬಲ್ಕ್ ಎಸ್ಸೆಮ್ಮೆಸ್ ಕಳಿಸ್ಬೇಕು ಅಂದ್ರೆ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿ ಅನ್ನೋ ನೋಂದಣಿ ಪೋರ್ಟಲಲ್ಲಿ ರಿಜಿಸ್ಟರ್ ಆಗಿ ಹೆಡರು (ಕಳಿಸೋರ ಹೆಸರು), ಟೆಂಪ್ಲೇಟು (ಮೆಸೇಜಿನ ನಮೂನೆ) ಎರಡೂ ಪಾಸ್ ಮಾಡಿಸ್ಬೇಕು. ಮೇಲ್ ಅಂದ್ರೆ ಫ್ರೀ ಜಿಮೇಲಿಂದ ದಿನಕ್ಕೆ 500 ಜನಕ್ಕೆ ಮಾತ್ರ, 2024ರ ಫೆಬ್ರವರಿಯಿಂದ ದಿನಕ್ಕೆ ಐದು ಸಾವಿರ ದಾಟಿ ಕಳಿಸೋರಿಗೆ ಮೇಲ್ ನಿಜವಾಗ್ಲೂ ನಿಮ್ಮದೇ ಅಂತ ತೋರಿಸೋ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಸೆಟ್ಟಿಂಗು ಮತ್ತು ಒಂದೇ ಕ್ಲಿಕ್ಕಲ್ಲಿ ಬೇಡ ಅನ್ನೋ ಬಟನ್ ಕಡ್ಡಾಯ. ನಿಮ್ಮ ಅಂಗಡಿಗೆ ಬಂದು ಏಲಕ್ಕಿ ತಗೊಂಡೋರ ಹತ್ರ, "ಹೊಸ ಬೆಳೆ ಬಂದಾಗ ಮೆಸೇಜ್ ಹಾಕ್ಲಾ" ಅಂತ ಕೇಳಿ ಹೂಂ ಅಂದೋರ ನಂಬರ್ ಬರ್ಕೊಳ್ಳಿ. ಆ ಲಿಸ್ಟ್ ನಿಧಾನಕ್ಕೆ ಬೆಳೆಯುತ್ತೆ, ಆದ್ರೆ ಅದರಲ್ಲಿರೋರು ಕೊಳ್ಳೋ ಜನ.

ಪ್ರಶ್ನೆ: ಕ್ಲೈಂಟಿಗೆ ತಿಂಗಳ ರಿಪೋರ್ಟ್ ಅಂತ ಲೈಕು, ರೀಚು, ಫಾಲೋವರ್ಸ್ ತೋರಿಸ್ತೀನಿ. ಅವರು "ಇದರಿಂದ ನನಗೆ ಎಷ್ಟು ಬುಕಿಂಗ್ ಬಂತು" ಅಂತಾರೆ, ನನ್ನ ಹತ್ರ ಉತ್ತರ ಇಲ್ಲ. (ಮಡಿಕೇರಿ)

ಉತ್ತರ: ಅವರು ಕೇಳೋದು ನ್ಯಾಯವಾದ ಪ್ರಶ್ನೆ. ಕೊಟ್ಟ ದುಡ್ಡಿಗೆ ಏನು ಬಂತು ಅಂತ ಕೇಳದೆ ಇರೋ ಕ್ಲೈಂಟಿಗಿಂತ ಕೇಳೋ ಕ್ಲೈಂಟು ಒಳ್ಳೇದು, ತೋರಿಸೋಕೆ ಆದ್ರೆ ನಿಮ್ಮನ್ನ ಬಿಡಲ್ಲ.

ಮೊದಲು ಗೋಣಿಕೊಪ್ಪಲಿನವರಿಗೆ ಹೇಳಿದ ಶೀಟು ನಿಮಗೂ ಬೇಕು, ಅದರಲ್ಲಿ "ಎಲ್ಲಿಂದ ಬಂತು" ಅನ್ನೋ ಕಾಲಮ್ಮೇ ನಿಮ್ಮ ರಿಪೋರ್ಟಿನ ಮೂಲ. ಬುಕ್ ಮಾಡೋರನ್ನ ನಮ್ಮನ್ನ ಎಲ್ಲಿ ನೋಡಿದ್ರಿ ಅಂತ ಬಾಯ್ಬಿಟ್ಟು ಕೇಳಿ, ಹೆಚ್ಚಿನೋರು ಸಂತೋಷದಿಂದ ಹೇಳ್ತಾರೆ. ಇದು ಯಾವ ಸಾಫ್ಟ್‌ವೇರೂ ಹೇಳದೆ ಇರೋ ವಿಷಯಾನೂ ತಿಳಿಸುತ್ತೆ, "ಹೋದ ವರ್ಷ ನಮ್ಮ ಚಿಕ್ಕಪ್ಪ ಬಂದಿದ್ರು" ಅಂತ ಅಂದ್ರೆ ಅದಕ್ಕೂ ಒಂದು ಆಯ್ಕೆ ಇಟ್ಟಿರಿ.

ವೆಬ್‌ಸೈಟ್ ಇದ್ರೆ ಯುಟಿಎಂ ಲಿಂಕ್ ಮಾಡೋದು ಕಲೀರಿ. ಲಿಂಕಿನ ಕೊನೇಲಿ ಮೂರು ವಿಷಯ ಸೇರಿಸ್ತೀವಿ, ಸೋರ್ಸ್ ಅಂದ್ರೆ ಎಲ್ಲಿಂದ, ಮೀಡಿಯಂ ಅಂದ್ರೆ ಯಾವ ರೀತಿ, ಕ್ಯಾಂಪೇನ್ ಅಂದ್ರೆ ಯಾವ ಪ್ರಚಾರ. ಇನ್‌ಸ್ಟಾ ಬಯೋದಲ್ಲಿ ಒಂದು, ವಾಟ್ಸಾಪ್ ಸ್ಟೇಟಸ್ಸಿಗೆ ಒಂದು, ಹುತ್ತರಿ ಆಫರ್ ಮೇಲಿಗೆ ಒಂದು ಅಂತ ಬೇರೆ ಬೇರೆ ಲಿಂಕ್ ಕೊಟ್ರೆ ಗೂಗಲ್ ಅನಲಿಟಿಕ್ಸಲ್ಲಿ ಯಾವುದರಿಂದ ಎಷ್ಟು ಜನ ಬಂದ್ರು ಅಂತ ಬೇರೆ ಬೇರೆಯಾಗಿ ಕಾಣುತ್ತೆ. ಹೆಸರುಗಳನ್ನ ಒಂದು ಕಡೆ ಬರೆದಿಟ್ಟು ಯಾವಾಗ್ಲೂ ಅದೇ ಸ್ಪೆಲ್ಲಿಂಗ್, ಎಲ್ಲಾ ಸಣ್ಣಕ್ಷರದಲ್ಲೇ ಹಾಕಿ, ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸ ಆದ್ರೂ ಅದು ಬೇರೆ ಅಂತ ಎಣಿಸುತ್ತೆ. ಹಳೇ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ನಿಂತಿದೆ, ಈಗಿರೋದು ಜಿಎ4, ಯಾವುದೋ ಹಳೇ ವಿಡಿಯೋ ನೋಡಿ ಸೆಟ್ ಮಾಡೋಕೆ ಹೋದ್ರೆ ತಲೆ ಕೆಡುತ್ತೆ, ವಿಡಿಯೋ ಯಾವ ವರ್ಷದ್ದು ಅಂತ ಮೊದಲು ನೋಡ್ಕೊಳ್ಳಿ. ಗೂಗಲಿನ ಸರ್ಚ್ ಕನ್ಸೋಲೂ ಸೇರಿಸಿ, ಜನ ಗೂಗಲಲ್ಲಿ ಏನು ಟೈಪ್ ಮಾಡಿ ನಿಮ್ಮ ಸೈಟ್ ನೋಡಿದ್ರು ಅಂತ 16 ತಿಂಗಳ ತನಕದ ಲೆಕ್ಕ ಸಿಗುತ್ತೆ, ಅಂದ್ರೆ ಹೋದ ದಸರಾಕ್ಕೂ ಈ ದಸರಾಕ್ಕೂ ಹೋಲಿಸಿ ನೋಡ್ಬಹುದು.

ಸಣ್ಣ ಹೋಂಸ್ಟೇಗೆ ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡೋದು ಗೂಗಲ್ ಬಿಸಿನೆಸ್ ಪ್ರೊಫೈಲು ಅಂತ ನನ್ನ ಗಟ್ಟಿ ಅಭಿಪ್ರಾಯ. ಜನ ಕಾರಲ್ಲಿ ಕೂತು ಮ್ಯಾಪಲ್ಲೇ ಹುಡುಕ್ತಾರೆ. ಎಷ್ಟು ಜನ ಫೋನ್ ಬಟನ್ ಒತ್ತಿದ್ರು, ಎಷ್ಟು ಜನ ದಾರಿ ಕೇಳಿದ್ರು, ಎಷ್ಟು ಜನ ವೆಬ್‌ಸೈಟಿಗೆ ಹೋದ್ರು ಅಂತ ಅದರಲ್ಲೇ ಬರುತ್ತೆ, ಅದು ಲೈಕಿಗಿಂತ ಬುಕಿಂಗಿಗೆ ಹತ್ರ ಇರೋ ಲೆಕ್ಕ. ಮ್ಯಾಪಲ್ಲಿ ಪಿನ್ ಸರಿಯಾಗಿ ನಿಮ್ಮ ಗೇಟ್ ಮೇಲೇ ಇದೆಯಾ ಅಂತ ನಡ್ಕೊಂಡು ಹೋಗಿ ನೋಡಿ, ತೋಟದ ಮಧ್ಯೆ ಎಲ್ಲೋ ಪಿನ್ ಇದ್ರೆ ರಾತ್ರಿ ಬಂದ ಗಿರಾಕಿ ಯಾರದೋ ತೋಟದ ಕೆಲಸದವರ ಲೈನ್ ಮನೆ ಮುಂದೆ ನಿಂತಿರ್ತಾರೆ.

ರಿಪೋರ್ಟ್ ಒಂದೇ ಪುಟ ಇರ್ಲಿ. ಮೇಲೆ ಬಂದ ಎನ್‌ಕ್ವೈರಿ ಎಷ್ಟು, ಬುಕಿಂಗ್ ಎಷ್ಟು, ಯಾವ ಕಡೆಯಿಂದ. ಕೆಳಗೆ ಬುಕ್ ಆಗದೆ ಹೋದೋರು ಯಾಕೆ ಹೋದ್ರು ಅಂತ ಎರಡು ಸಾಲು. ರೇಟ್ ಜಾಸ್ತಿ ಅಂದ್ರಾ, ಆ ದಿನ ರೂಮ್ ಇರ್ಲಿಲ್ವಾ, ಉತ್ತರ ತಡವಾಯ್ತಾ. ಕ್ಲೈಂಟ್ ಓದೋದು ಆ ಎರಡು ಸಾಲನ್ನೇ. ಲೈಕು ರೀಚು ಬೇಕಿದ್ರೆ ಕೊನೇಲಿ ಸಣ್ಣದಾಗಿ ಹಾಕಿ.

ಪ್ರಶ್ನೆ: ಐದು ಸ್ಟಾರ್ ಕೊಟ್ರೆ ಬಿಲ್ಲಲ್ಲಿ ಹತ್ತು ಪರ್ಸೆಂಟ್ ಬಿಡ್ತೀವಿ ಅಂತ ನಮ್ಮ ಕ್ಲೈಂಟ್ ಬೋರ್ಡ್ ಹಾಕೋಕೆ ಹೇಳ್ತಿದಾರೆ, ಸರಿನಾ? ರೀಲ್ ಮಾಡೋರಿಗೆ ಫ್ರೀ ಸ್ಟೇ ಕೊಡ್ತೀವಿ, ಅದಕ್ಕೇನಾದ್ರೂ ರೂಲ್ಸ್ ಇದೆಯಾ? (ವಿರಾಜಪೇಟೆ)

ಉತ್ತರ: ಬೋರ್ಡ್ ಹಾಕ್ಬೇಡಿ. ಡಿಸ್ಕೌಂಟ್ ಕೊಟ್ಟು ರಿವ್ಯೂ ತಗೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ, ರಿವ್ಯೂಗಳನ್ನೇ ತೆಗೆದುಹಾಕ್ಬಹುದು. ನಮ್ಮ ದೇಶದಲ್ಲೂ ಆನ್‌ಲೈನ್ ರಿವ್ಯೂಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2022ರಲ್ಲಿ ಐಎಸ್ 19000 ಅಂತ ಸ್ಟ್ಯಾಂಡರ್ಡ್ ಮಾಡಿದೆ. ಹೊರಡೋವಾಗ ರಿವ್ಯೂ ಲಿಂಕಿನ ಕ್ಯೂಆರ್ ತೋರಿಸಿ, ನಿಮಗನ್ಸಿದ್ದು ಬರೀರಿ ಅನ್ನಿ. ಕೆಟ್ಟ ರಿವ್ಯೂ ಬಂದ್ರೆ ಜಗಳಕ್ಕೆ ಇಳೀದೆ ಏನಾಯ್ತು, ಏನು ಸರಿಮಾಡಿದೀವಿ ಅಂತ ಮೂರು ಸಾಲು ಬರೀರಿ, ಅದನ್ನ ಓದೋದು ಮುಂದಿನ ಗಿರಾಕಿ. ಫ್ರೀ ಸ್ಟೇ ಕೊಟ್ಟು ಮಾಡಿಸಿದ ರೀಲಲ್ಲಿ ಅದು ಪ್ರಚಾರ ಅಂತ ಕಾಣೋ ಹಾಗೆ ಬರೀಬೇಕು, 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ಇದನ್ನ ಸ್ಪಷ್ಟವಾಗಿ ಹೇಳಿದೆ, ಫ್ರೀ ಸ್ಟೇ ಕೂಡ ಅದರ ಲೆಕ್ಕಕ್ಕೆ ಬರುತ್ತೆ.

ಪ್ರಶ್ನೆ: ಮನೆ, ಮಕ್ಕಳು, ತೋಟದ ಲೆಕ್ಕ ಎಲ್ಲಾ ನೋಡ್ಕೊಂಡು ನಾಲ್ಕು ಪೇಜ್ ನಡೆಸ್ತೀನಿ. ಬೆಳಿಗ್ಗಿಂದ ರಾತ್ರಿ ತನಕ ಫೋನ್ ಕೈಯಲ್ಲೇ, ಆದ್ರೂ ಕೆಲಸ ಮುಗಿಯಲ್ಲ. ಪೊಮೊಡೊರೊ ಅಂತಾರಲ್ಲ ಅದು ಉಪಯೋಗ ಆಗುತ್ತಾ? ಎಐ ಹತ್ರ ಬರೆಸಿದ್ರೆ ಹೇಗೆ? (ಪೊನ್ನಂಪೇಟೆ)

ಉತ್ತರ: ಪೊಮೊಡೊರೊ ಅಂದ್ರೆ 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು, ಇಟಲಿಯ ಫ್ರಾನ್ಸೆಸ್ಕೋ ಚಿರಿಲ್ಲೋ 1980ರ ದಶಕದ ಕೊನೇಲಿ ಮಾಡ್ಕೊಂಡ ಪದ್ಧತಿ. ಬರೆಯೋ ಕೆಲಸಕ್ಕೆ, ಡಿಸೈನಿಗೆ ಚೆನ್ನಾಗಿ ಆಗುತ್ತೆ. ಆದ್ರೆ ಗಿರಾಕಿಗೆ ಉತ್ತರ ಕೊಡೋ ಕೆಲಸಕ್ಕೆ ಆಗಲ್ಲ, ಅದು ಯಾವಾಗ ಬೇಕಾದ್ರೂ ಬರುತ್ತೆ. ಹಾಗಾಗಿ ನಿಮ್ಮ ಕೆಲಸಾನ ಎರಡು ಭಾಗ ಮಾಡಿ. ಉತ್ತರ ಕೊಡೋದಕ್ಕೆ ದಿನಕ್ಕೆ ಮೂರು ಹೊತ್ತು ಗೊತ್ತು ಮಾಡ್ಕೊಳ್ಳಿ, ಬೆಳಿಗ್ಗೆ ಮಕ್ಕಳು ಸ್ಕೂಲಿಗೆ ಹೋದ್ಮೇಲೆ, ಮಧ್ಯಾಹ್ನ ಊಟ ಆದ್ಮೇಲೆ, ರಾತ್ರಿ ಎಂಟಕ್ಕೆ. ಟೂರ್ ಪ್ಲ್ಯಾನ್ ಮಾಡೋರು ಮೆಸೇಜ್ ಹಾಕೋದು ಹೆಚ್ಚಾಗಿ ರಾತ್ರಿನೇ, ಹಾಗಾಗಿ ಎಂಟರ ಹೊತ್ತನ್ನ ಬಿಡ್ಬೇಡಿ. ವಾಟ್ಸಾಪ್ ಬಿಸಿನೆಸ್ಸಿಂದ ಹೊಸಬರಿಗೆ ತಾನಾಗೇ ಹೋಗೋ ಗ್ರೀಟಿಂಗ್ ಮೆಸೇಜಲ್ಲಿ ಈ ಹೊತ್ತು ಬರೆದ್ಬಿಡಿ. ಪೋಸ್ಟ್ ತಯಾರಿ ಮಾತ್ರ ವಾರಕ್ಕೊಂದು ದಿನ, ನಾಲ್ಕೂ ಪೇಜಿಂದು ಒಟ್ಟಿಗೆ, ಆ ಎರಡು ಗಂಟೆ ಮನೆಯವರಿಗೆ ಹೇಳಿ ರೂಮ್ ಬಾಗಿಲು ಹಾಕ್ಕೊಳ್ಳಿ. ಅದು ಕೆಲಸದ ಹೊತ್ತು ಅಂತ ಮನೇಲಿ ಎಲ್ರೂ ಒಪ್ಪಲೇಬೇಕು, ಯಾವ ಆ್ಯಪಿಗಿಂತಲೂ ಅದು ದೊಡ್ಡ ಸಹಾಯ. ಉಳಿದ ಹೊತ್ತು ನೋಟಿಫಿಕೇಷನ್ ಆಫ್.

ಎಐ ಹತ್ರ ಇಂಗ್ಲಿಷ್ ಕ್ಯಾಪ್ಶನ್ ಕರಡು ಬರೆಸಿ, ಮೇಲಿಗೆ ಹತ್ತು ಸಬ್ಜೆಕ್ಟ್ ಲೈನ್ ಕೇಳಿ, ಉದ್ದದ ಪತ್ರ ಚಿಕ್ಕದು ಮಾಡಿಸಿ, ಇದೆಲ್ಲಾ ಸಮಯ ಉಳಿಸುತ್ತೆ. ಊರಿನ ವಿಷಯಕ್ಕೆ ಮಾತ್ರ ನಂಬ್ಬೇಡಿ. ಕಾಫಿ ಹೂವಿನ ಕಾಲ, ಹಣ್ಣಿನ ಕಾಲ ಅದಲು ಬದಲು ಬರೆದಿರಬಹುದು, ಹಬ್ಬದ ಆಚರಣೆ ತಪ್ಪಾಗಿರಬಹುದು, ಒಂದು ಐನ್‌ಮನೆ (ಕುಲದ ಮೂಲ ಮನೆ) ಬಗ್ಗೆ ತಪ್ಪು ಬರೆದ್ರೆ ಆ ಒಕ್ಕದವರೆಲ್ಲಾ, ಅಂದ್ರೆ ಆ ಕುಲದವರೆಲ್ಲಾ, ನೋವು ಮಾಡ್ಕೋತಾರೆ. ಕನ್ನಡ ಕ್ಯಾಪ್ಶನ್ ನೀವೇ ಬರೀರಿ, ನೀವು ಪತ್ರ ಬರೆದಿರೋ ರೀತಿನೇ ಚೆನ್ನಾಗಿದೆ. ಗಿರಾಕಿಗಳ ಹೆಸರು, ನಂಬರ್, ಆಧಾರ್ ಕಾಪಿ ಇಂಥದ್ದು ಎಐಗೆ ಹಾಕ್ಲೇಬೇಡಿ.

ಪ್ರಶ್ನೆ: ನಮ್ಮ ಹತ್ರ ಕೆಲಸಕ್ಕಿದ್ದ ಹುಡುಗ ಬಿಟ್ಟು ಹೋದ, ಎರಡು ಪೇಜಿನ ಪಾಸ್‌ವರ್ಡ್ ಅವನ ಹತ್ರಾನೇ ಇದೆ, ಒಂದು ಹೋಂಸ್ಟೇಯ ಗೂಗಲ್ ಪ್ರೊಫೈಲು ಅವನ ಜಿಮೇಲಲ್ಲೇ ಮಾಡಿದ್ದು. ಇನ್ಮುಂದೆ ಹೀಗಾಗದ ಹಾಗೆ ಏನು ಮಾಡ್ಬೇಕು? (ಸುಂಟಿಕೊಪ್ಪ)

ಉತ್ತರ: ಪೇಜು, ಡೊಮೈನು, ಗೂಗಲ್ ಪ್ರೊಫೈಲು ಯಾವಾಗ್ಲೂ ಕ್ಲೈಂಟಿನ ಸ್ವಂತ ಮೇಲ್ ಐಡಿಯಲ್ಲಿ, ಅವರ ಹೆಸರಲ್ಲಿ ಇರ್ಬೇಕು, ನೀವು ಮ್ಯಾನೇಜರ್ ಆಗಿ ಸೇರಿಕೊಳ್ಳಿ. ಕ್ಲೈಂಟನ್ನ ಹಿಡಿದಿಟ್ಕೊಳ್ಳೋಕೆ ಅಂತ ಎಲ್ಲಾ ತಮ್ಮ ಹೆಸರಲ್ಲಿ ಮಾಡ್ಕೊಳ್ಳೋರಿದಾರೆ, ಅದು ಇನ್ನೊಬ್ರ ಆಸ್ತಿ, ತಪ್ಪು. ಫೇಸ್‌ಬುಕ್ ಪೇಜಿಗೆ ಪಾಸ್‌ವರ್ಡ್ ಹಂಚೋದು ಬೇಡ, ಮೆಟಾ ಬಿಸಿನೆಸ್ ಸೂಟಲ್ಲಿ ಒಬ್ಬೊಬ್ರಿಗೂ ಬೇಕಾದಷ್ಟೇ ಅಧಿಕಾರ ಕೊಟ್ಟು ಸೇರಿಸಿ, ಬಿಟ್ಟು ಹೋದ ದಿನಾನೇ ತೆಗೀರಿ. ಉಳಿದ ಪಾಸ್‌ವರ್ಡಿಗೆ ಬಿಟ್‌ವಾರ್ಡನ್ ತರದ ಪಾಸ್‌ವರ್ಡ್ ಮ್ಯಾನೇಜರ್ ಫ್ರೀ ಇದೆ, ಎಲ್ಲಾ ಅಕೌಂಟಿಗೂ ಎರಡು ಹಂತದ ವೆರಿಫಿಕೇಷನ್ ಹಾಕಿ, ಬ್ಯಾಕಪ್ ಕೋಡ್ ಪೇಪರಲ್ಲಿ ಬರೆದು ಬೀರುವಲ್ಲಿಡಿ, ಮಳೆಗಾಲದಲ್ಲಿ ಟವರ್ ಇಲ್ಲದೆ ಒಟಿಪಿ ಬರದೆ ಇದ್ದಾಗ ಅದೇ ಕೈ ಹಿಡಿಯೋದು. "ನಿಮ್ಮ ಪೇಜ್ ಡಿಲೀಟ್ ಆಗುತ್ತೆ, ಇಲ್ಲಿ ಒತ್ತಿ" ಅಂತ ಬರೋ ಮೆಸೇಜ್ ಒತ್ಬೇಡಿ. ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ಕ್ರೈಂ ಸಹಾಯವಾಣಿ 1930ಗೆ ಫೋನ್ ಮಾಡಿ.

ಈಗ ಆಗಿರೋದಕ್ಕೆ, ಆ ಹುಡುಗನ ಹತ್ರ ಸಮಾಧಾನವಾಗಿ ಮಾತಾಡಿ, ಪೊಲೀಸು ಅಂತ ಶುರು ಮಾಡ್ಬೇಡಿ. ಅವನ ಅಕೌಂಟಿಂದಾನೇ ಹೋಂಸ್ಟೇ ಓನರನ್ನ ಗೂಗಲ್ ಪ್ರೊಫೈಲಿಗೆ ಓನರ್ ಆಗಿ ಸೇರಿಸೋಕೆ ಹೇಳಿ. ಸೇರಿದ ತಕ್ಷಣ ಪ್ರೈಮರಿ ಓನರ್ ಆಗೋಕಾಗಲ್ಲ, ಹೊಸದಾಗಿ ಸೇರಿದೋರು 7 ದಿನ ಕಾಯ್ಬೇಕು, ಅಲ್ಲೀತನಕ ಅವನನ್ನ ತೆಗೆಯೋಕೂ ಆಗಲ್ಲ, ಹಾಗಾಗಿ ಆ ವಾರ ಅವನ ಜೊತೆ ಸಂಬಂಧ ಚೆನ್ನಾಗಿಟ್ಕೊಳ್ಳಿ, ಬಾಕಿ ಸಂಬಳ ಏನಾದ್ರೂ ಇದ್ರೆ ಕೊಟ್ಬಿಡಿ. ಅವನು ಸಿಗಲೇ ಇಲ್ಲ ಅಂದ್ರೆ ಮ್ಯಾಪಲ್ಲಿ ಆ ಹೋಂಸ್ಟೇ ಓಪನ್ ಮಾಡಿ, ಓನರ್‌ಶಿಪ್ ಕೇಳೋ ರಿಕ್ವೆಸ್ಟನ್ನ ಓನರ್‌ನ ಜಿಮೇಲಿಂದಾನೇ ಹಾಕಿಸಿ.